ಲೂಯಿಸಿಯಾನಾದ ಕಬ್ಬಿನ ಮನೆತನ: ಮೊದಲು ಆಸ್ತಿ ಪಾಲು, ಆಮೇಲೆ ಪ್ರೇಮ

ಅಮೆರಿಕದ ದಕ್ಷಿಣದ ಸಿರಿವಂತ ಮನೆತನದ ಕಾದಂಬರಿಗೆ ನಾನು ಲೂಯಿಸಿಯಾನಾ ಆರಿಸಿಕೊಂಡದ್ದು ಅಲ್ಲಿನ ಓಕ್ ಮರಗಳಿಗಾಗಿ ಅಲ್ಲ, ವಾರಸಾ ಕಾನೂನಿಗಾಗಿ. ಬೇರೆ ರಾಜ್ಯಗಳಲ್ಲಿ ಅಪ್ಪ ಉಯಿಲು ಬರೆದು ಮಗನಿಗೆ ಬಿಡಿಗಾಸೂ ಇಲ್ಲದಂತೆ ಮಾಡಬಹುದು. ಲೂಯಿಸಿಯಾನಾದಲ್ಲಿ 1996ರವರೆಗೆ, ಕಾನೂನು ಒಪ್ಪುವ ಗಟ್ಟಿ ಕಾರಣವಿಲ್ಲದೆ, ಅದು ಸಾಧ್ಯವಿರಲಿಲ್ಲ. ಗುಟ್ಟಿನ ಮಗುವಿಗೆ ತೂಕ ಬರುವುದು ಇಲ್ಲಿಂದಲೇ.

ಪಾತ್ರಗಳಿಗೆ ಹೆಸರಿಡುವ ಮೊದಲು ಆಸ್ತಿಯನ್ನು ಎರಡು ಬಣ್ಣದಲ್ಲಿ ಬರೆದೆ: ಪಿತ್ರಾರ್ಜಿತ ಕೆಂಪು, ಮದುವೆಯ ನಂತರ ಕೂಡಿಸಿದ್ದು ನೀಲಿ. ನೀಲಿಯಲ್ಲಿ ಅರ್ಧ ಹೆಂಡತಿಯದೇ. ಗಂಡ ಉಯಿಲಿಲ್ಲದೆ ಸತ್ತರೆ ಅವನ ಅರ್ಧ ಮಕ್ಕಳಿಗೆ ಹೋದರೂ ಅದನ್ನು ಅನುಭೋಗಿಸುವ ಹಕ್ಕು ವಿಧವೆಗೆ ಉಳಿಯುತ್ತದೆ; ಸಾಯುವವರೆಗೆ ಅಥವಾ ಮರುಮದುವೆಯಾಗುವವರೆಗೆ. ನನ್ನ ಪ್ರೇಮಕಥೆ ಹುಟ್ಟಿದ್ದು ಆ ಕೊನೆಯ ಷರತ್ತಿನಿಂದ. ಆದರೆ ಮೊದಲ ಕರಡಿನಲ್ಲಿ ಬಂಗಲೆ ಅಜ್ಜನ ಕಾಲದ್ದಾಗಿತ್ತು. ಕೆಂಪು ಆಸ್ತಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ, ಇಡೀ ಸಂಘರ್ಷವೇ ಪೊಳ್ಳಾಯಿತು. ಬಂಗಲೆಯನ್ನು ಮದುವೆಯ ನಂತರ ಕೊಂಡದ್ದೆಂದು ಬದಲಿಸಿ, ಗದ್ದೆಗಳನ್ನು ಮಾತ್ರ ಅಜ್ಜನ ಹೆಸರಲ್ಲಿ ಬಿಟ್ಟೆ.

ಎರಡನೇ ಎಡವಟ್ಟು ಸಾವಿನ ಇಸವಿ. 1970 ಅಂತ ಇಟ್ಟಿದ್ದೆ. ಆಗ ವಿವಾಹದ ಹೊರಗೆ ಹುಟ್ಟಿದ ಮಗುವಿಗೆ, ವಿವಾಹದ ಮಕ್ಕಳಿದ್ದರೆ, ಏನೂ ದಕ್ಕುತ್ತಿರಲಿಲ್ಲ. ಆ ತಾರತಮ್ಯವನ್ನು ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1980ರಲ್ಲಿ. ಅಪ್ಪನನ್ನು 1983ರವರೆಗೆ ಬದುಕಿಸಿದೆ. ಅವನ ಆಸ್ತಿ ಎರಡರ ಬದಲು ಮೂರು ಪಾಲಾಯಿತು. ಇನ್ನೊಂದು ಸೂಕ್ಷ್ಮ: ಅಲ್ಲಿನ ಹಳೇ ನಾಗರಿಕ ಕಾನೂನು ಸಂಹಿತೆ, ವ್ಯಭಿಚಾರದ ಮಗುವನ್ನು ಅಪ್ಪ ತನ್ನದೆಂದು ಅಧಿಕೃತವಾಗಿ ಅಂಗೀಕರಿಸುವುದನ್ನೇ ಒಪ್ಪುತ್ತಿರಲಿಲ್ಲ. ಹಾಗಾಗಿ ಗುಟ್ಟಿನ ಮಗಳು ಅಪ್ಪನ ಮದುವೆಗೆ ಮೊದಲೇ ಹುಟ್ಟಬೇಕಾಯಿತು, ಅವಳೇ ಹಿರಿಯಳಾದಳು. ಡಿಎನ್‌ಎ ಪರೀಕ್ಷೆ ಇನ್ನೂ ಇಲ್ಲದ ಕಾಲ. ಪುರಾವೆ ಎಂದರೆ ನೋಟರಿಯ ಮುಂದೆ, ಇಬ್ಬರು ಸಾಕ್ಷಿಗಳೆದುರು ಅಪ್ಪ ಮಾಡಿದ ಸಹಿ.

ಋತುಮಾನದಲ್ಲಿ ನಮ್ಮವರು ಎಡವುವುದು ಸುಲಭ. ಮಂಡ್ಯದ ಕಬ್ಬಿಗಿಲ್ಲದ ಭಯ ಅಲ್ಲಿದೆ: ಹೆಪ್ಪುಗಟ್ಟಿಸುವ ಚಳಿ. ನಾಟಿ ಆಗಸ್ಟ್–ಸೆಪ್ಟೆಂಬರಿನಲ್ಲಿ, ಅರೆಯುವ ಹಂಗಾಮು ಸುಮಾರು ಅಕ್ಟೋಬರಿನಿಂದ ವರ್ಷದ ಕೊನೆಯವರೆಗೆ, ಗಾಣಗಳು ಹಗಲು ರಾತ್ರಿ. ಕದ್ದು ಭೇಟಿಯಾಗಲು ನವೆಂಬರ್ ಲೇಸು, ಮನೆಯ ಗಂಡಸರೆಲ್ಲ ಕಾರ್ಖಾನೆಯಲ್ಲಿರುತ್ತಾರೆ. ಕೂಳೆ ಬೆಳೆ ಅಲ್ಲೂ ಉಂಟು.

ಹಣದ ಮೂಲ ತೋರಿಸದೆ ಬಂಗಲೆ ವರ್ಣಿಸುವುದು ನನಗೆ ಅಸಹ್ಯ. ಅಂತರ್ಯುದ್ಧಕ್ಕೆ ಮುಂಚಿನ ಅಲ್ಲಿನ ಆಸ್ತಿಪಟ್ಟಿಗಳಲ್ಲಿ ಹೇಸರಗತ್ತೆಗಳ ಜೊತೆಗೇ ಗುಲಾಮರ ಹೆಸರು, ವಯಸ್ಸು, ಬೆಲೆ ಇರುತ್ತವೆ. ಅಂಥದ್ದೊಂದು ಪಟ್ಟಿಯನ್ನು ಎರಡನೇ ಅಧ್ಯಾಯದಲ್ಲಿ ಟಿಪ್ಪಣಿಯಿಲ್ಲದೆ ಹಾಗೇ ಇಟ್ಟೆ.

ಗುಟ್ಟುಗಳಿಗೆ ಪ್ರತ್ಯೇಕ ಪುಟ: ಯಾರಿಗೆ ಗೊತ್ತು, ಯಾರಿಗೆ ಅನುಮಾನ, ಯಾವ ಕಾಗದ, ಎಷ್ಟನೇ ಅಧ್ಯಾಯ. ಈ ಪುಟ ತುಂಬುವಾಗಲೇ ಎರಡು ಎಳೆ ಗಂಟುಬಿದ್ದವು. ಸಾಕ್ಷಿಗಳಲ್ಲಿ ಬದುಕಿರುವವನು ಒಬ್ಬನೇ, ಕಾರ್ಖಾನೆಯ ಕೆಮಿಸ್ಟ್. ವಿಧವೆ ಮದುವೆಯಾಗಬೇಕೆಂದಿರುವುದು ಅವನನ್ನೇ.