ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಎರರ್ ಬಂದರೆ ಎಲ್ಲಿಂದ ಹುಡುಕಬೇಕು?

ಲಿನಕ್ಸ್‌ನಲ್ಲಿ ಬೇಕಾದ ಸಾಫ್ಟ್‌ವೇರ್ ನಿಮ್ಮ ಡಿಸ್ಟ್ರೋದ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆಯ) ಭಂಡಾರದಲ್ಲೇ ಸಿಕ್ಕರೆ ಅದನ್ನೇ ಹಾಕಿಕೊಳ್ಳಿ. ಅಲ್ಲಿ ಸಿಗದಿದ್ದಾಗ, ಸಿಕ್ಕಿದ್ದು ತೀರಾ ಹಳೆಯ ಆವೃತ್ತಿಯಾದಾಗ, ಇಲ್ಲವೇ ನಮಗೆ ಬೇಕಾದ ಸೌಲಭ್ಯವನ್ನೇ ಬಿಟ್ಟು ಪ್ಯಾಕೇಜ್ ಮಾಡಿದ್ದಾಗ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಕೋಡ್) ತಂದು ನಾವೇ ಬಿಲ್ಡ್ ಮಾಡಬೇಕು, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳಬೇಕು. ಹೇಳುವುದಕ್ಕೆ ಮೂರೇ ಕಮಾಂಡ್: ‘./ಕಾನ್ಫಿಗರ್’, ‘ಮೇಕ್’, ‘ಸುಡೊ ಮೇಕ್ ಇನ್‌ಸ್ಟಾಲ್’ (ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು). ಆದರೆ ಪರದೆಯ ಮೇಲೆ ನೂರಾರು ಸಾಲು ಉರುಳಿ, ಕೊನೆಗೆ ‘ಎರರ್ 2’ ಎಂದು ಬಂದು ನಿಂತಾಗ ಹಲವರು ಅಲ್ಲಿಗೇ ಕೈಬಿಡುತ್ತಾರೆ.

ಆ ಕೊನೆಯ ಸಾಲಿನಲ್ಲಿ ಉಪಯೋಗಕ್ಕೆ ಬರುವ ಮಾಹಿತಿ ಏನೂ ಇಲ್ಲ. ‘ನಾನು ಕರೆದ ಕೆಲಸ ಕೆಟ್ಟಿತು’ ಎಂದು ಮೇಕ್ (ಬಿಲ್ಡ್‌ನ ಕೆಲಸಗಳನ್ನು ನಡೆಸುವ ಪ್ರೋಗ್ರಾಂ) ವರದಿ ಮಾಡುತ್ತಿದೆ, ಅಷ್ಟೇ. ನಿಜವಾದ ಕಾರಣ ಮೇಲೆಲ್ಲೋ ಇರುತ್ತದೆ. ಹಾಗಾಗಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಕೆಲಸ ನಿಂತದ್ದು ಯಾವ ಹಂತದಲ್ಲಿ: ಕಾನ್ಫಿಗರ್ (ಬೇಕಾದದ್ದೆಲ್ಲ ಇದೆಯೇ ಎಂದು ನೋಡುವುದು), ಕಂಪೈಲ್ (ಕೋಡನ್ನು ಯಂತ್ರಭಾಷೆಗೆ ತರುವುದು), ಲಿಂಕ್ (ತುಣುಕುಗಳನ್ನು ಜೋಡಿಸುವುದು), ಇನ್‌ಸ್ಟಾಲ್, ಅಥವಾ ಎಲ್ಲ ಮುಗಿದು ಪ್ರೋಗ್ರಾಂ ಓಡಿಸುವಾಗ? ಆ ಹಂತದಲ್ಲಿ ಬಂದ ಮೊಟ್ಟಮೊದಲ ಎರರ್ ಯಾವುದು? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಎಂದು ಹೇಳಿರುವ ಕಡೆ ಬಿಟ್ಟು ಉಳಿದೆಲ್ಲ ಚಿಕ್ಕಕ್ಷರ.)

ಶುರು ಮಾಡುವ ಮೊದಲು

ಕಂಪೈಲರ್ ಮತ್ತು ಮೇಕ್ ಬೇಕೇ ಬೇಕು. ಡೆಬಿಯನ್, ಉಬುಂಟು ಇದ್ದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಪಿಕೆಜಿ-ಕಾನ್ಫಿಗ್’. ಫೆಡೋರಾದಲ್ಲಿ ‘ಸಿ-ಡೆವಲಪ್‌ಮೆಂಟ್’ ಎಂಬ ಗುಂಪು, ಆರ್ಚ್‌ನಲ್ಲಿ ‘ಬೇಸ್-ಡೆವೆಲ್’.

ಸೋರ್ಸ್ ಫೋಲ್ಡರ್ ಒಳಗೆ ಹೋಗಿ ಯಾವ ಫೈಲ್ ಇದೆ ನೋಡಿ. ‘ಕಾನ್ಫಿಗರ್’ ಇದ್ದರೆ ಮೇಲಿನ ಮೂರು ಕಮಾಂಡ್. ‘ಸಿಮೇಕ್‌ಲಿಸ್ಟ್ಸ್.ಟಿಎಕ್ಸ್‌ಟಿ’ ಇದ್ದರೆ ‘ಸಿಮೇಕ್ -ಎಸ್ . -ಬಿ ಬಿಲ್ಡ್’, ಆಮೇಲೆ ‘ಸಿಮೇಕ್ --ಬಿಲ್ಡ್ ಬಿಲ್ಡ್’ (ಮೊದಲ ಕಮಾಂಡಿನ ಎಸ್ ಮತ್ತು ಬಿ ದೊಡ್ಡಕ್ಷರ). ‘ಮೆಸಾನ್.ಬಿಲ್ಡ್’ ಇದ್ದರೆ ‘ಮೆಸಾನ್ ಸೆಟಪ್ ಬಿಲ್ಡ್’, ನಂತರ ‘ನಿಂಜಾ -ಸಿ ಬಿಲ್ಡ್’ (ಸಿ ದೊಡ್ಡಕ್ಷರ). ‘ರೀಡ್‌ಮಿ’ ಮತ್ತು ‘ಇನ್‌ಸ್ಟಾಲ್’ ಫೈಲ್‌ಗಳನ್ನು ಓದದೆ ಮುಂದೆ ಹೋಗಬೇಡಿ. ಯಾವ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಸಿದ್ಧ ಕೋಡ್) ಬೇಕು, ಅದರ ಕನಿಷ್ಠ ಆವೃತ್ತಿ ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ.

ಗಿಟ್‌ನಿಂದ ಇಳಿಸಿಕೊಂಡ ಸೋರ್ಸ್‌ನಲ್ಲಿ ಕೆಲವೊಮ್ಮೆ ‘ಕಾನ್ಫಿಗರ್’ ಫೈಲೇ ಕಾಣುವುದಿಲ್ಲ. ಅದು ಕೆಟ್ಟಿಲ್ಲ, ಇನ್ನೂ ಹುಟ್ಟಿಲ್ಲ. ‘ಆಟೊಕಾನ್ಫ್’, ‘ಆಟೊಮೇಕ್’, ‘ಲಿಬ್‌ಟೂಲ್’ ಮೂರನ್ನೂ ಹಾಕಿಕೊಂಡು ‘./ಆಟೊಜೆನ್.ಎಸ್‌ಎಚ್’ ಓಡಿಸಿ, ಆ ಫೈಲ್ ಇಲ್ಲದಿದ್ದರೆ ‘ಆಟೊರೀಕಾನ್ಫ್ -ಎಫ್‌ಐ’. ಒಳಗಿನ ಕೆಲವು ಫೋಲ್ಡರ್‌ಗಳು ಖಾಲಿ ಕಂಡರೆ ಅವು ಸಬ್‌ಮಾಡ್ಯೂಲ್‌ಗಳು (ಬೇರೆ ಗಿಟ್ ಭಂಡಾರದಿಂದ ತರಬೇಕಾದ ಭಾಗಗಳು): ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್’. ಗಿಟ್‌ಹಬ್ ತಾನಾಗಿ ಕಟ್ಟಿಕೊಡುವ ಜಿಪ್ ಫೈಲ್‌ನಲ್ಲಿ ಈ ಸಬ್‌ಮಾಡ್ಯೂಲ್‌ಗಳು ಬರುವುದಿಲ್ಲ.

ಒಂದು ಎಚ್ಚರಿಕೆ. ‘ಎಸ್‌ಎಚ್‌ಎ256ಸಮ್’ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಪ್ರಕಟಿಸಿದ ಮೌಲ್ಯಕ್ಕೆ ಹೊಂದಿತೆಂದರೆ ಫೈಲ್ ಪೂರ್ತಿ ಇಳಿದಿದೆ, ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ ಅರ್ಥ. 2024ರಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್‌ನ 5.6.0 ಮತ್ತು 5.6.1 ಆವೃತ್ತಿಗಳ ಅಧಿಕೃತ ಟಾರ್ ಫೈಲ್‌ಗಳಲ್ಲೇ ಹಿಂಬಾಗಿಲ ಕೋಡ್ ಸಿಕ್ಕಿತು. ಅದನ್ನು ಚಾಲೂ ಮಾಡುವ ತುಣುಕು ಗಿಟ್‌ನಲ್ಲಿ ಇರಲೇ ಇಲ್ಲ, ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಅಡಗಿತ್ತು. ಕಾನ್ಫಿಗರ್ ಆಗಲಿ ಮೇಕ್ ಆಗಲಿ, ಓಡಿಸಿದಾಗ ಬೇರೆಯವರು ಬರೆದ ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ. ಆದ್ದರಿಂದ ಇವೆರಡನ್ನೂ ಎಂದಿಗೂ ‘ಸುಡೊ’ ಹಾಕಿ ಓಡಿಸಬೇಡಿ. ಸುಡೊ ಇನ್‌ಸ್ಟಾಲ್ ಹಂತಕ್ಕೆ ಮಾತ್ರ. ಮೊದಲೇ ಸುಡೊ ಹಾಕಿದರೆ ಇನ್ನೊಂದು ತೊಂದರೆಯೂ ಇದೆ: ಆಗ ಹುಟ್ಟುವ ಫೈಲ್‌ಗಳೆಲ್ಲ ರೂಟ್ (ಅಡ್ಮಿನ್ ಖಾತೆ) ಹೆಸರಿಗೆ ಹೋಗಿ, ಮುಂದೆ ನೀವು ಮೇಕ್ ಎಂದಾಗಲೆಲ್ಲ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಆಗಲೇ ಹಾಗಾಗಿದ್ದರೆ ‘ಸುಡೊ ಚೌನ್ -ಆರ್’ ಕಮಾಂಡಿನಿಂದ (ಆರ್ ದೊಡ್ಡಕ್ಷರ) ಫೋಲ್ಡರನ್ನು ಮತ್ತೆ ನಿಮ್ಮ ಹೆಸರಿಗೆ ಮಾಡಿಕೊಳ್ಳಿ.

ಕಾನ್ಫಿಗರ್ ನಿಂತರೆ

ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ‘ಲೈಬ್ರರಿ ಇದೆಯಲ್ಲ, ಆದರೂ ಇಲ್ಲ ಅನ್ನುತ್ತಿದೆ’ ಎಂಬ ಗೊಂದಲ. ಕಾರಣ ಸರಳ. ಡೆಬಿಯನ್ ಮತ್ತು ಫೆಡೋರಾ ಬಳಗದ ಡಿಸ್ಟ್ರೋಗಳು ಒಂದೊಂದು ಲೈಬ್ರರಿಯನ್ನೂ ಎರಡು ಭಾಗ ಮಾಡುತ್ತವೆ. ಪ್ರೋಗ್ರಾಂ ಓಡಲು ಬೇಕಾದದ್ದು ಒಂದು ಪ್ಯಾಕೇಜ್‌ನಲ್ಲಿ. ಪ್ರೋಗ್ರಾಂ ಬಿಲ್ಡ್ ಮಾಡಲು ಬೇಕಾದ ಹೆಡರ್ ಫೈಲ್‌ಗಳು (ಲೈಬ್ರರಿಯಲ್ಲಿ ಯಾವ ಫಂಕ್ಷನ್‌ಗಳಿವೆ ಎಂದು ಕಂಪೈಲರ್‌ಗೆ ಹೇಳುವವು) ಇನ್ನೊಂದರಲ್ಲಿ. ಎರಡನೆಯದರ ಹೆಸರಿನ ಕೊನೆಗೆ ಡೆಬಿಯನ್, ಉಬುಂಟುಗಳಲ್ಲಿ ‘-ಡೆವ್’ ಎಂದೂ, ಫೆಡೋರಾದಲ್ಲಿ ‘-ಡೆವೆಲ್’ ಎಂದೂ ಇರುತ್ತದೆ. ‘ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್’ ಸಿಗಲಿಲ್ಲ ಎಂದರೆ ಉಬುಂಟುವಿನಲ್ಲಿ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಹಾಕಬೇಕು, ಫೆಡೋರಾದಲ್ಲಿ ‘ಓಪನ್‌ಎಸ್‌ಎಸ್‌ಎಲ್-ಡೆವೆಲ್’. ‘ಜೆಡ್‌ಲಿಬ್.ಎಚ್’ ಇಲ್ಲ ಎಂದರೆ ಉಬುಂಟುವಿನಲ್ಲಿ ‘ಜೆಡ್‌ಲಿಬ್1ಜಿ-ಡೆವ್’. ಆರ್ಚ್‌ನಲ್ಲಿ ಈ ವಿಭಜನೆ ಇಲ್ಲ, ಎರಡೂ ಒಂದೇ ಪ್ಯಾಕೇಜ್‌ನಲ್ಲಿ ಬರುತ್ತವೆ.

ಪ್ಯಾಕೇಜ್ ಹೆಸರನ್ನು ಊಹಿಸುತ್ತಾ ಕೂರಬೇಕಿಲ್ಲ. ಉಬುಂಟುವಿನಲ್ಲಿ ‘ಆಪ್ಟ್-ಫೈಲ್’ ಹಾಕಿಕೊಂಡು, ಒಮ್ಮೆ ‘ಸುಡೊ ಆಪ್ಟ್-ಫೈಲ್ ಅಪ್‌ಡೇಟ್’ ಮಾಡಿ, ‘ಆಪ್ಟ್-ಫೈಲ್ ಸರ್ಚ್’ ಮುಂದೆ ಕಾಣೆಯಾದ ಹೆಡರ್ ಹೆಸರು ಕೊಡಿ. ಅದು ಯಾವ ಪ್ಯಾಕೇಜ್‌ನಲ್ಲಿದೆ ಎಂದು ಹೇಳುತ್ತದೆ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ‘ಡಿಎನ್‌ಎಫ್ ಪ್ರೊವೈಡ್ಸ್’. ನೀವು ಬಿಲ್ಡ್ ಮಾಡುತ್ತಿರುವ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಡಿಸ್ಟ್ರೋದಲ್ಲಿ ಇದ್ದರೆ ಇನ್ನೂ ಸುಲಭ: ‘ಸುಡೊ ಆಪ್ಟ್ ಬಿಲ್ಡ್-ಡೆಪ್’ ಮುಂದೆ ಅದರ ಹೆಸರು ಹಾಕಿ. ಬೇಕಾದ ಡೆವ್ ಪ್ಯಾಕೇಜ್‌ಗಳಲ್ಲಿ ಬಹುಪಾಲು ಒಂದೇ ಸಲಕ್ಕೆ ಬರುತ್ತವೆ. ಇದಕ್ಕೆ ಆಪ್ಟ್‌ನ ಸೋರ್ಸ್ ಪಟ್ಟಿಯಲ್ಲಿ ‘ಡೆಬ್-ಎಸ್‌ಆರ್‌ಸಿ’ ಚಾಲೂ ಆಗಿರಬೇಕು. ಫೆಡೋರಾದಲ್ಲಿ ‘ಡಿಎನ್‌ಎಫ್ ಬಿಲ್ಡ್‌ಡೆಪ್’.

ಡೆವ್ ಪ್ಯಾಕೇಜ್ ಹಾಕಿದ ಮೇಲೂ ಅದೇ ಹಾಡಾದರೆ ‘ಕಾನ್ಫಿಗ್.ಲಾಗ್’ ತೆರೆಯಿರಿ. ಪರದೆಯ ಮೇಲೆ ಬರೀ ‘ನೋ’ ಎಂದು ತೋರಿಸಿದ ಪರೀಕ್ಷೆಯ ಪೂರ್ತಿ ವಿವರ ಅಲ್ಲಿರುತ್ತದೆ: ಯಾವ ಚಿಕ್ಕ ಪ್ರೋಗ್ರಾಂ ಕಂಪೈಲ್ ಮಾಡಲು ನೋಡಿತು, ಕಂಪೈಲರ್ ಏನೆಂದಿತು ಎಂದು. ಫೈಲಿನ ಕೊನೆಯಲ್ಲಿ ಉದ್ದನೆಯ ವೇರಿಯಬಲ್ ಪಟ್ಟಿ ಇರುವುದರಿಂದ ನೇರ ಕೆಳಗೆ ಹೋದರೆ ಏನೂ ಸಿಗುವುದಿಲ್ಲ. ‘ಕ್ಯಾಶ್ ವೇರಿಯಬಲ್ಸ್’ ಎಂಬ ತಲೆಬರಹ ಹುಡುಕಿ, ಅಲ್ಲಿಂದ ಮೇಲಕ್ಕೆ ಓದುತ್ತಾ ಹೋಗಿ.

ಲೈಬ್ರರಿಯನ್ನೂ ನೀವೇ ಬಿಲ್ಡ್ ಮಾಡಿ ಬೇರೆ ಕಡೆ ಹಾಕಿದ್ದರೆ ಪಿಕೆಜಿ-ಕಾನ್ಫಿಗ್‌ಗೆ (ಲೈಬ್ರರಿಗಳು ಎಲ್ಲಿವೆ ಎಂದು ತಿಳಿಸುವ ಉಪಕರಣಕ್ಕೆ) ಅದು ಕಾಣದೇ ಹೋಗಬಹುದು. ಕೊನೆಗೆ ‘.ಪಿಸಿ’ ಎಂದಿರುವ ಫೈಲ್ ಎಲ್ಲಿದೆ ನೋಡಿ, ಆ ಫೋಲ್ಡರಿನ ದಾರಿಯನ್ನು ‘ಪಿಕೆಜಿ_ಕಾನ್ಫಿಗ್_ಪಾತ್’ ಎಂಬ ವೇರಿಯಬಲ್‌ಗೆ (ಎಲ್ಲ ದೊಡ್ಡಕ್ಷರ) ಎಕ್ಸ್‌ಪೋರ್ಟ್ ಮಾಡಿ.

ಕಾಣೆಯಾದದ್ದನ್ನು ಹಾಕಿದ ಮೇಲೆ ಕಾನ್ಫಿಗರ್ ಮತ್ತೆ ಓಡಿಸಿ. ಸಿಮೇಕ್ ಆದರೆ ‘ಬಿಲ್ಡ್’ ಫೋಲ್ಡರನ್ನು ಅಳಿಸಿ ಹೊಸದಾಗಿ ಶುರು ಮಾಡುವುದು ಕ್ಷೇಮ. ಕಂಪೈಲರ್, ಲೈಬ್ರರಿಗಳ ವಿಷಯದಲ್ಲಿ ಹಿಂದಿನ ಸಲ ಕಂಡುಕೊಂಡದ್ದನ್ನೆಲ್ಲ ಅದು ‘ಸಿಮೇಕ್‌ಕ್ಯಾಶ್.ಟಿಎಕ್ಸ್‌ಟಿ’ಯಲ್ಲಿ ಬರೆದಿಟ್ಟುಕೊಂಡಿರುತ್ತದೆ, ಹಳೆಯ ಮೌಲ್ಯವನ್ನೇ ಹಿಡಿದು ಕೂರಬಹುದು. ಸಿಮೇಕ್ 4.0 ಬಂದ ಮೇಲೆ ಇನ್ನೊಂದು ಎರರ್ ಸಾಮಾನ್ಯವಾಗಿದೆ: 3.5ಕ್ಕಿಂತ ಹಳೆಯದರ ಜೊತೆಗಿನ ಹೊಂದಾಣಿಕೆ ತೆಗೆದುಹಾಕಿದೆ ಎಂಬುದು. ಸೋರ್ಸ್ ಹಳೆಯದು, ಸಿಮೇಕ್ ಹೊಸದು. ‘-ಡಿಸಿಮೇಕ್_ಪಾಲಿಸಿ_ವರ್ಷನ್_ಮಿನಿಮಮ್=3.5’ ಎಂದು (ಎಲ್ಲ ದೊಡ್ಡಕ್ಷರ) ಸೇರಿಸಿದರೆ ಹೆಚ್ಚಿನವು ಮುಂದೆ ಸಾಗುತ್ತವೆ.

ಕಾನ್ಫಿಗರ್ ಸರಿಯಾಗಿ ಮುಗಿದರೂ ಕೊನೆಯಲ್ಲಿ ಬರುವ ಪಟ್ಟಿಯನ್ನು ತಪ್ಪದೆ ಓದಿ. ಕಡ್ಡಾಯವಲ್ಲದ ಲೈಬ್ರರಿ ಸಿಗದಿದ್ದರೆ ಎರರ್ ಕೊಡದೆ ಆ ಸೌಲಭ್ಯವನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಬಿಲ್ಡ್ ಎಲ್ಲ ಮುಗಿದ ಮೇಲೆ ಗೊತ್ತಾದರೆ ಇಡೀ ಕೆಲಸ ಮೊದಲಿನಿಂದ. ಅದು ಬೇಕೇ ಬೇಕೆಂದಿದ್ದರೆ ‘--ವಿತ್’ ಅಥವಾ ‘--ಎನೇಬಲ್’ ಆಯ್ಕೆ ಕೊಡಿ. ಆಗ ಸಿಗದಿದ್ದರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಆಯ್ಕೆಗಳೇನು ಎಂದು ‘./ಕಾನ್ಫಿಗರ್ --ಹೆಲ್ಪ್’ ತೋರಿಸುತ್ತದೆ.

ಕಂಪೈಲ್ ನಿಂತರೆ

‘ಮೇಕ್ -ಜೆ8’ ಎಂದರೆ ಎಂಟು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದರಲ್ಲಿ ಎರರ್ ಬಂದರೂ ಉಳಿದ ಏಳು ತಮ್ಮ ಸಾಲುಗಳನ್ನು ಮುದ್ರಿಸುತ್ತಾ ಹೋಗುವುದರಿಂದ ನಿಜವಾದ ಎರರ್ ಮೇಲೆ ಎಲ್ಲೋ ಹೂತುಹೋಗುತ್ತದೆ. ಜೆ ಇಲ್ಲದೆ ಬರೀ ‘ಮೇಕ್’ ಎಂದು ಇನ್ನೊಮ್ಮೆ ಕೊಡಿ. ಆಗಲೇ ಮುಗಿದ ಫೈಲ್‌ಗಳನ್ನು ಬಿಟ್ಟು, ಕೆಟ್ಟ ಕಡೆಗೇ ಬಂದು ನಿಲ್ಲುತ್ತದೆ. ಔಟ್‌ಪುಟ್ ಉದ್ದವಿದ್ದರೆ ‘ಮೇಕ್ 2>&1 | ಟೀ ಬಿಲ್ಡ್.ಲಾಗ್’ ಎಂದು ಫೈಲಿಗೆ ಉಳಿಸಿ, ಅದರಲ್ಲಿ ‘ಎರರ್:’ ಎಂದು ಹುಡುಕಿ ಮೊದಲು ಸಿಕ್ಕಿದ್ದನ್ನು ಓದಿ. ಒಂದು ಹೆಡರ್ ಕಾಣೆಯಾದರೆ ಅದರ ಹಿಂದೆ ಐವತ್ತು ಎರರ್ ಬರಬಹುದು. ಮೊದಲನೆಯದನ್ನು ಸರಿಪಡಿಸಿದರೆ ಉಳಿದವೂ ಹೋಗುತ್ತವೆ. ‘ವಾರ್ನಿಂಗ್’ ಎಂದಿರುವುದರಿಂದ ಬಿಲ್ಡ್ ನಿಲ್ಲುವುದಿಲ್ಲ. ‘-ವೆರರ್’ ಎಂಬ ಆಯ್ಕೆ (ಮೊದಲಕ್ಷರ ಡಬ್ಲ್ಯೂ ದೊಡ್ಡಕ್ಷರ) ಹಾಕಿದ್ದರೆ ಮಾತ್ರ ವಾರ್ನಿಂಗ್ ಕೂಡ ಎರರ್ ಆಗುತ್ತದೆ. ಅದು ಆ ಸಾಫ್ಟ್‌ವೇರ್ ಬರೆಯುವವರಿಗೆ ಬೇಕಾದದ್ದು, ಬಳಸುವವರಿಗಲ್ಲ, ತೆಗೆದುಹಾಕಲು ಹಿಂಜರಿಯಬೇಡಿ.

ಹಳೆಯ ಸೋರ್ಸ್, ಹೊಸ ಕಂಪೈಲರ್. ಈ ಜೋಡಿಯಿಂದ ಹುಟ್ಟುವ ಎರರ್‌ಗಳು ತಲೆಕೆಡಿಸುತ್ತವೆ, ಏಕೆಂದರೆ ವರ್ಷಗಳ ಕಾಲ ಸರಿಯಾಗಿ ಬಿಲ್ಡ್ ಆಗುತ್ತಿದ್ದ ಕೋಡ್ ಅದು. ಜಿಸಿಸಿ ಎಂಬುದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಕಂಪೈಲರ್; ‘ಜಿಸಿಸಿ --ವರ್ಷನ್’ ಕೊಟ್ಟು ಸಂಖ್ಯೆ ನೋಡಿ.

2020ರ ಜಿಸಿಸಿ 10ರಿಂದ, ಒಂದೇ ಗ್ಲೋಬಲ್ ವೇರಿಯಬಲ್ ಎರಡು ಸಿ ಫೈಲ್‌ಗಳಲ್ಲಿ ‘ಎಕ್ಸ್‌ಟರ್ನ್’ ಇಲ್ಲದೆ ಘೋಷಣೆಯಾಗಿದ್ದರೆ ಲಿಂಕ್ ಮಾಡುವಾಗ ‘ಮಲ್ಟಿಪಲ್ ಡೆಫಿನಿಷನ್’ ಎಂದು ನಿಲ್ಲುತ್ತದೆ. ಅದಕ್ಕೆ ‘-ಎಫ್‌ಕಾಮನ್’. 2024ರ ಜಿಸಿಸಿ 14ರಲ್ಲಿ, ಘೋಷಿಸದ ಫಂಕ್ಷನ್ ಬಳಸುವುದು ವಾರ್ನಿಂಗ್ ಆಗಿದ್ದದ್ದು ಎರರ್ ಆಯಿತು. ಸಂದೇಶದಲ್ಲಿ ‘ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್’ ಎಂದಿರುತ್ತದೆ. ‘-ಎಫ್‌ಪರ್ಮಿಸಿವ್’ ಕೊಟ್ಟರೆ ಅದು ಮತ್ತೆ ವಾರ್ನಿಂಗ್‌ಗೆ ಇಳಿಯುತ್ತದೆ. 2025ರ ಜಿಸಿಸಿ 15ರಿಂದ ಸಿ23 ಮಾನದಂಡವೇ ರೂಢಿ. ಅದರಲ್ಲಿ ‘ಬೂಲ್’ ಕೀವರ್ಡ್ ಆಗಿದೆ, ಖಾಲಿ ಆವರಣವಿರುವ ಫಂಕ್ಷನ್ ಎಂದರೆ ಆರ್ಗ್ಯುಮೆಂಟ್ ಇಲ್ಲ ಎಂದೇ ಅರ್ಥ. ಹಳೆಯ ಕೋಡ್ ಇಲ್ಲಿ ಮುಗ್ಗರಿಸಿದರೆ ‘-ಎಸ್‌ಟಿಡಿ=ಜಿಎನ್‌ಯು17’ ಕೊಡಿ. ಇವನ್ನೆಲ್ಲ ಕಾನ್ಫಿಗರ್ ಓಡಿಸುವಾಗಲೇ ‘ಸಿಫ್ಲಾಗ್ಸ್’ ವೇರಿಯಬಲ್‌ನಲ್ಲಿ (ದೊಡ್ಡಕ್ಷರ) ಸೇರಿಸಬೇಕು. ಅದರಲ್ಲಿ ‘-ಜಿ -ಓ2’ (ಓ ದೊಡ್ಡಕ್ಷರ) ಕೂಡ ಬರೆಯಿರಿ; ಸಿಫ್ಲಾಗ್ಸ್ ನೀವು ಕೊಟ್ಟ ಕೂಡಲೇ ಕಾನ್ಫಿಗರ್ ತನ್ನ ರೂಢಿಯ ಆಪ್ಟಿಮೈಸೇಷನ್ ಬಿಟ್ಟುಬಿಡುತ್ತದೆ. ಇವೆಲ್ಲ ತಾತ್ಕಾಲಿಕ ಉಪಾಯಗಳು. ಸಾಫ್ಟ್‌ವೇರಿನ ಹೊಸ ಆವೃತ್ತಿ ಇದ್ದರೆ ಮೊದಲು ಅದನ್ನು ನೋಡಿ.

‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ’ ಎಂದು ಬಂದರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಮೆಮೊರಿ ಸಾಲದೆ ಕರ್ನಲ್ ಕಂಪೈಲರನ್ನು ಕೊಂದಿದೆ. ‘ಸುಡೊ ಡಿಮೆಸ್‌ಜಿ’ಯ ಕೊನೆಯ ಸಾಲುಗಳಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಕಂಡರೆ ಖಚಿತವಾಯಿತು. ಭಾರವಾದ ಸಿ++ ಫೈಲ್ ಒಂದಕ್ಕೇ 1ರಿಂದ 2 ಜಿಬಿ ಬೇಕಾಗಬಹುದು. 8 ಕೋರ್, 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ‘-ಜೆ8’ ಬೇಡ, ‘-ಜೆ3’ ಸಾಕು. ಆಗಲೂ ಸಾಲದಿದ್ದರೆ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಹೆಚ್ಚಿಸಿ.

ಮೇಕ್‌ಫೈಲ್‌ನಲ್ಲಿ ‘ಮಿಸ್ಸಿಂಗ್ ಸೆಪರೇಟರ್’ ಎಂದರೆ ಕಮಾಂಡ್ ಸಾಲಿನ ಆರಂಭದಲ್ಲಿ ಟ್ಯಾಬ್ ಇರಬೇಕಾದ ಕಡೆ ಸ್ಪೇಸ್‌ಗಳಿವೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದಾಗ ಹೀಗಾಗುತ್ತದೆ. ‘ಕ್ಲಾಕ್ ಸ್ಕ್ಯೂ’ ಎಂದರೆ ಫೈಲ್‌ಗಳ ಸಮಯ ಕಂಪ್ಯೂಟರಿನ ಗಡಿಯಾರಕ್ಕಿಂತ ಮುಂದಿದೆ. ಗಡಿಯಾರ ಸರಿಪಡಿಸಿ, ಫೈಲ್‌ಗಳಿಗೆ ‘ಟಚ್’ ಕೊಡಿ.

ಲಿಂಕ್ ಹಂತ

‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಹೆಡರ್ ಸಿಕ್ಕಿದೆ, ಕಂಪೈಲ್ ಆಗಿದೆ, ಆ ಫಂಕ್ಷನ್ ಇರುವ ಲೈಬ್ರರಿ ಮಾತ್ರ ಲಿಂಕರ್ ಕೈಗೆ ಸಿಕ್ಕಿಲ್ಲ. ಫಂಕ್ಷನ್ ಹೆಸರು ನೋಡಿ. ‘ಪೌ’, ‘ಸೈನ್’ ಇತ್ಯಾದಿ ಗಣಿತದ್ದಾದರೆ ಕಾನ್ಫಿಗರ್‌ಗೆ ‘ಲಿಬ್ಸ್=-ಎಲ್‌ಎಂ’ (ಲಿಬ್ಸ್ ದೊಡ್ಡಕ್ಷರ) ಕೊಡಿ. ಕಮಾಂಡನ್ನು ಕೈಯಿಂದ ಬರೆಯುತ್ತಿದ್ದರೆ ‘-ಎಲ್’ ಆಯ್ಕೆಗಳು ಆಬ್ಜೆಕ್ಟ್ ಫೈಲ್‌ಗಳ ನಂತರವೇ ಬರಬೇಕು; ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ‘ಕೆನಾಟ್ ಫೈಂಡ್ -ಎಲ್’ ಎಂದರೆ ಲೈಬ್ರರಿಯೇ ಸಿಕ್ಕಿಲ್ಲ. ಹೆಚ್ಚಿನ ಸಲ ಅದೇ ಡೆವ್ ಪ್ಯಾಕೇಜ್ ಬಿಟ್ಟುಹೋಗಿರುತ್ತದೆ.

ಇನ್‌ಸ್ಟಾಲ್ ಆಯಿತು, ಓಡುತ್ತಿಲ್ಲ

‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಎಂದು ಬಂದರೆ ‘ಎಲ್‌ಡಿಡಿ’ ಮುಂದೆ ಪ್ರೋಗ್ರಾಮಿನ ದಾರಿ ಕೊಟ್ಟು ನೋಡಿ. ‘ನಾಟ್ ಫೌಂಡ್’ ಎಂದಿರುವುದೇ ಕೊರತೆ. ಲೈಬ್ರರಿ ‘/ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಇದ್ದೂ ಸಿಗುತ್ತಿಲ್ಲವಾದರೆ ‘ಸುಡೊ ಎಲ್‌ಡಿಕಾನ್ಫಿಗ್’ ಓಡಿಸಿ. ಲೈಬ್ರರಿಗಳ ಪಟ್ಟಿ ಅದರಿಂದ ಹೊಸದಾಗುತ್ತದೆ. ಕೆಲವು ಡಿಸ್ಟ್ರೋಗಳಲ್ಲಿ ಆ ಫೋಲ್ಡರ್ ಹುಡುಕಾಟದ ಪಟ್ಟಿಯಲ್ಲೇ ಇರುವುದಿಲ್ಲ. ಆಗ ‘/ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ’ ಒಳಗೆ ‘.ಕಾನ್ಫ್’ ಎಂದು ಮುಗಿಯುವ ಒಂದು ಫೈಲ್ ಮಾಡಿ, ಅದರಲ್ಲಿ ಆ ದಾರಿ ಬರೆದು, ಮತ್ತೆ ಎಲ್‌ಡಿಕಾನ್ಫಿಗ್ ಓಡಿಸಿ. ‘ಎಲ್‌ಡಿ_ಲೈಬ್ರರಿ_ಪಾತ್’ (ದೊಡ್ಡಕ್ಷರ) ಪರೀಕ್ಷೆಗೆ ಒಳ್ಳೆಯದು, ಶಾಶ್ವತ ಪರಿಹಾರವಾಗಿ ಬೇಡ. ಬೇರೆ ಪ್ರೋಗ್ರಾಂಗಳೂ ತಪ್ಪು ಲೈಬ್ರರಿ ಎತ್ತಿಕೊಂಡು ಕೆಡುತ್ತವೆ.

ಹೊಸದು ಹಾಕಿದರೂ ಹಳೆಯ ಆವೃತ್ತಿಯೇ ಓಡುತ್ತಿದೆಯೇ? ‘ಟೈಪ್ -ಎ’ ಮುಂದೆ ಪ್ರೋಗ್ರಾಮಿನ ಹೆಸರು ಕೊಟ್ಟರೆ ಆ ಹೆಸರಿನವು ಎಲ್ಲೆಲ್ಲಿವೆ, ಯಾವುದಕ್ಕೆ ಮೊದಲ ಮಣೆ ಎಂದು ಕಾಣುತ್ತದೆ. ಹೊಸದೇ ಮೊದಲಿದ್ದರೂ ಹಳೆಯದು ಓಡಿದರೆ, ಬ್ಯಾಶ್ (ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓಡಿಸುವ ಪ್ರೋಗ್ರಾಂ) ಹಳೆಯ ದಾರಿಯನ್ನು ನೆನಪಿಟ್ಟುಕೊಂಡಿದೆ. ‘ಹ್ಯಾಶ್ -ಆರ್’ ಕೊಡಿ.

ಎಲ್ಲಿಗೆ ಹಾಕಬೇಕು ಎಂಬುದನ್ನು ಕಾನ್ಫಿಗರ್ ಸಮಯದಲ್ಲೇ ತೀರ್ಮಾನಿಸಿ. ಏನೂ ಹೇಳದಿದ್ದರೆ ‘/ಯುಎಸ್‌ಆರ್/ಲೋಕಲ್’ಗೆ ಹೋಗುತ್ತದೆ, ಅದು ಸರಿ. ‘--ಪ್ರಿಫಿಕ್ಸ್=/ಯುಎಸ್‌ಆರ್’ ಮಾತ್ರ ಬೇಡ. ಅದು ಪ್ಯಾಕೇಜ್ ಮ್ಯಾನೇಜರ್‌ನ ಜಾಗ. ನೀವು ಅದರ ಫೈಲ್‌ಗಳನ್ನು ಅಳಿಸುತ್ತೀರಿ, ಮುಂದಿನ ಅಪ್‌ಡೇಟ್ ನಿಮ್ಮದನ್ನು ಅಳಿಸುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ನಿಮ್ಮೊಬ್ಬರ ಬಳಕೆಗಾದರೆ ಹೋಮ್ ಫೋಲ್ಡರಿನ ‘.ಲೋಕಲ್’ ಅತ್ಯುತ್ತಮ, ಸುಡೊ ಕೂಡ ಬೇಕಿಲ್ಲ. ಅದರೊಳಗಿನ ‘ಬಿನ್’ ಫೋಲ್ಡರ್ ‘ಪಾತ್’ ವೇರಿಯಬಲ್‌ನಲ್ಲಿ (ದೊಡ್ಡಕ್ಷರ; ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಇದ್ದರೆ ಸಾಕು.

ತೆಗೆಯುವ ದಿನವೂ ಬರುತ್ತದೆ. ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಎಲ್ಲ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ. ಇದ್ದರೂ, ಹಾಕುವಾಗ ಕೊಟ್ಟ ಪ್ರಿಫಿಕ್ಸ್‌ನಲ್ಲೇ ಕಾನ್ಫಿಗರ್ ಆದ ಫೋಲ್ಡರಿನಿಂದ ಓಡಿಸಬೇಕು. ಅದಕ್ಕೇ ಬಿಲ್ಡ್ ಫೋಲ್ಡರನ್ನು ಉಳಿಸಿಕೊಳ್ಳಿ. ಸಿಮೇಕ್ ತಾನು ಹಾಕಿದ ಫೈಲ್‌ಗಳ ಪಟ್ಟಿಯನ್ನು ಬಿಲ್ಡ್ ಫೋಲ್ಡರಿನ ‘ಇನ್‌ಸ್ಟಾಲ್_ಮ್ಯಾನಿಫೆಸ್ಟ್.ಟಿಎಕ್ಸ್‌ಟಿ’ಯಲ್ಲಿ ಬಿಟ್ಟಿರುತ್ತದೆ, ಅದನ್ನು ನೋಡಿಕೊಂಡು ಅಳಿಸಬಹುದು. ಆಗಾಗ ಸೋರ್ಸ್‌ನಿಂದ ಹಾಕುವವರು ಗ್ನೂ ಸ್ಟೋ ಎಂಬ ಉಪಕರಣ ಬಳಸುವುದು ಒಳ್ಳೆಯದು. ಒಂದೊಂದು ಸಾಫ್ಟ್‌ವೇರನ್ನೂ ‘/ಯುಎಸ್‌ಆರ್/ಲೋಕಲ್/ಸ್ಟೋ’ ಒಳಗಿನ ಅದರದೇ ಫೋಲ್ಡರಿಗೆ ಹಾಕಿ, ಆ ‘ಸ್ಟೋ’ ಫೋಲ್ಡರಿನಲ್ಲಿ ನಿಂತು ‘ಸುಡೊ ಸ್ಟೋ’ ಮುಂದೆ ಹೆಸರು ಕೊಟ್ಟರೆ ಸಿಂಬಾಲಿಕ್ ಲಿಂಕ್‌ಗಳು (ಅಸಲಿ ಫೈಲಿಗೆ ಬೊಟ್ಟು ಮಾಡುವ ಕೊಂಡಿಗಳು) ತಾವಾಗಿ ಮೂಡುತ್ತವೆ. ತೆಗೆಯಲು ‘ಸುಡೊ ಸ್ಟೋ -ಡಿ’ (ಡಿ ದೊಡ್ಡಕ್ಷರ) ಮುಂದೆ ಅದೇ ಹೆಸರು, ನಂತರ ಫೋಲ್ಡರ್ ಅಳಿಸಿ. ಲೈಬ್ರರಿ ಹಾಕಿದ್ದರೂ ತೆಗೆದಿದ್ದರೂ ‘ಸುಡೊ ಎಲ್‌ಡಿಕಾನ್ಫಿಗ್’ ಇನ್ನೊಮ್ಮೆ ಓಡಿಸಿ.