ಜೂನ್‌ನಲ್ಲಿ ಕಮ್ಮಿ, ಜನವರಿಯಲ್ಲಿ ಜಾಸ್ತಿ: ಹಳೇ ಸಾವಿರ ವೋಲ್ಟಿನ ಡಬ್ಬ ರಿಪೇರಿ ಮಾಡುವುದು ಹೇಗೆ?

ಹೊಸನಗರದ ಕಡೆಯಿಂದ ಒಂದು ಹಳೇ ಡಿಸಿ ವೋಲ್ಟೇಜ್ ಕ್ಯಾಲಿಬ್ರೇಟರ್ (ಡಯಲ್‌ನಲ್ಲಿ ಇಟ್ಟಷ್ಟೇ ವೋಲ್ಟ್ ಕರಾರುವಾಕ್ಕಾಗಿ ಕೊಡುವ, ಮೀಟರ್‌ಗಳನ್ನು ಸರಿನೋಡುವ ಯಂತ್ರ) ನನ್ನ ಟೇಬಲ್ಲಿಗೆ ಬಂದಿತ್ತು. ಯಾವುದೋ ಲ್ಯಾಬಿನ ಹರಾಜಿನಲ್ಲಿ ಕೊಂಡಿದ್ದು. ಇಬ್ಬರು ಹಿಡಿದು ಎತ್ತಬೇಕು, ಅಷ್ಟು ಭಾರ. ಮುಂದೆ ಸಾಲಾಗಿ ಏಳು ಡಯಲ್. ಮಳೆಗಾಲದಲ್ಲಿ ಸಾವಿರ ವೋಲ್ಟ್ ಇಟ್ಟರೆ 999.6 ಕೊಡ್ತಿತ್ತಂತೆ. ಮಾಲೀಕರು ಟ್ರಿಮ್ಮರ್ (ಔಟ್‌ಪುಟ್ಟನ್ನು ಚೂರು ಚೂರೇ ಹೊಂದಿಸುವ ಸ್ಕ್ರೂ) ತಿರುಗಿಸಿ ಸರಿ ಮಾಡಿದರು. ಚಳಿಗಾಲ ಬಂತು, 1000.4 ಆಯಿತು. ಮತ್ತೆ ತಿರುಗಿಸಿದರು. ಮತ್ತೆ ಮಳೆ ಹಿಡಿಯಿತು, ಮತ್ತೆ ಕಮ್ಮಿ, ಮತ್ತೆ ತಿರುಗಿಸಿದರು. ಕೊನೆಗೆ ಸಿಟ್ಟು ಬಂದು ಎರಡು ಟ್ರಾನ್ಸಿಸ್ಟರ್ ಕಿತ್ತು ಹೊಸದು ಹಾಕಿದರು. ಕೆಟ್ಟಿದ್ದು ಒಂದು ಪಾರ್ಟೂ ಅಲ್ಲ. ಒಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು, ಅಷ್ಟೇ.

ಇಂಥದ್ದನ್ನು ಎಷ್ಟೋ ಸಲ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆ ಸೀಮೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಇನ್ನು 1960-70ರ ದಶಕದ ಈ ಡಬ್ಬಗಳನ್ನು ಬಿಡುತ್ತಾ?

ಮೊದಲು ಜೀವ. 1000 ವೋಲ್ಟ್, ಅದರ ಜೊತೆಗೆ 50 ಮಿಲಿ ಆಂಪ್ ಕೊಡುವ ಯಂತ್ರ ಆಳನ್ನು ಕೊಲ್ಲುತ್ತೆ. ಮನೇಲಿ ಇಎಲ್‌ಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆ ಅಂತ ಧೈರ್ಯ ಬೇಡ. ಹೈವೋಲ್ಟೇಜ್ ಇರುವುದು ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ. ಅಲ್ಲಿ ನಿಮಗೆ ಶಾಕ್ ಹೊಡೆದರೆ ಇಎಲ್‌ಸಿಬಿಗೆ ಗೊತ್ತೇ ಆಗುವುದಿಲ್ಲ. ಪ್ಲಗ್ ಕಿತ್ತು ಐದು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಕೆಪ್ಯಾಸಿಟರ್‌ಗಳನ್ನು ಖಾಲಿ ಮಾಡಿ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಶೂರರು ನಮ್ಮಲ್ಲಿ ಬಹಳ ಇದ್ದಾರೆ. ಹಾಗೆ ಮಾಡಿದರೆ ತುದಿಯೂ ಸುಡುತ್ತೆ, ಕೆಲವೊಮ್ಮೆ ಕೆಪ್ಯಾಸಿಟರೂ ಹಾಳಾಗುತ್ತೆ. 10 ಕಿಲೋ ಓಮಿನ 2 ವ್ಯಾಟ್ ರೆಸಿಸ್ಟರ್ ಹತ್ತು ತಗೊಳ್ಳಿ, ಸಾಲಾಗಿ ಬೆಸುಗೆ ಹಾಕಿ, ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ, ಒಂದು ತುದಿಗೆ ಕ್ಲಿಪ್ ಇನ್ನೊಂದಕ್ಕೆ ಪ್ರೋಬ್. ಒಂದೇ ರೆಸಿಸ್ಟರ್ ಸಾಕಲ್ವಾ ಅಂದರೆ ಸಾಲದು, ಸಣ್ಣ ರೆಸಿಸ್ಟರ್ ಸಾವಿರ ವೋಲ್ಟ್ ತಡೆಯುವುದಿಲ್ಲ. 20 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇದರಲ್ಲಿ ಹತ್ತು ಸೆಕೆಂಡಿಗೆ ಖಾಲಿ. ಮೀಟರ್ ಇಟ್ಟು ನೋಡಿ, ಆಮೇಲೆ ಕ್ಲಿಪ್ ವೈರ್ ಹಾಕಿ ಎರಡೂ ತುದಿ ಸೇರಿಸಿಯೇ ಇಡಿ. ಖಾಲಿ ಮಾಡಿ ಬಿಟ್ಟ ದೊಡ್ಡ ಕೆಪ್ಯಾಸಿಟರ್ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ವೋಲ್ಟೇಜ್ ತುಂಬಿಕೊಳ್ಳುತ್ತೆ. ನನಗೆ ಅದು ಮೊಣಕೈವರೆಗೆ ಪಾಠ ಕಲಿಸಿದೆ.

ಆನ್ ಮಾಡುವ ಮೊದಲು ಹಿಂದಿನ 115/230 ಸ್ವಿಚ್ ನೋಡಿ. ಮೊದಲ ಸಲ 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಿನಲ್ಲೇ (ಕರೆಂಟು ಬಲ್ಬಿನ ಮೂಲಕವೇ ಹಾದು ಬರುವ ಬೋರ್ಡು) ಆನ್ ಮಾಡಿ, ಫಿಲಮೆಂಟ್ ಬಲ್ಬು, ಎಲ್‌ಇಡಿ ಅಲ್ಲ. ಬಲ್ಬ್ ಹೊತ್ತಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್.

ಈಗ ನಿಜವಾದ ಕೆಲಸ. ಎಲ್ಲರೂ ಎಡವುವುದು ಇಲ್ಲೇ.

ಹತ್ತು ವೋಲ್ಟ್ ರೇಂಜಿನಲ್ಲಿ ಸರಿ ಇದೆ, ನೂರರಲ್ಲಿ ಚೂರು ತಪ್ಪು, ಸಾವಿರದಲ್ಲಿ ಜಾಸ್ತಿ ತಪ್ಪು, ಅದೂ ಮಳೆ ಬಂದ ದಿನ ಒಂದು ಥರ ಬಿಸಿಲಿನ ದಿನ ಒಂದು ಥರ ಅಂದರೆ ಅದು ಲೀಕೇಜ್, ಕರೆಂಟು ಅಡ್ಡದಾರಿಯಲ್ಲಿ ಸೋರುವುದು. ಈ ಯಂತ್ರ ತನ್ನ ಔಟ್‌ಪುಟ್ಟನ್ನು ಒಂದು ರೆಸಿಸ್ಟರ್ ಸಾಲಿನ ಮೂಲಕ ತಾನೇ ಅಳೆದುಕೊಳ್ಳುತ್ತೆ. ಸಾವಿರ ವೋಲ್ಟಿಗೆ ಆ ಸಾಲು 1 ಮೆಗಾ ಓಮ್ ಅಂತಿಟ್ಟುಕೊಳ್ಳಿ. ಅದರ ಪಕ್ಕದಲ್ಲಿ ಒದ್ದೆ ಧೂಳು 1 ಗಿಗಾ ಓಮಿನ (ಸಾವಿರ ಮೆಗಾ ಓಮಿನ) ಕಳ್ಳದಾರಿ ಮಾಡಿದರೂ ಸಾವಿರಕ್ಕೆ ಒಂದು ವೋಲ್ಟ್ ಕಮ್ಮಿಯಾಗುತ್ತೆ. 2.5 ಗಿಗಾ ಓಮ್ ಆದರೆ 0.4 ವೋಲ್ಟ್. ಹೊಸನಗರದ ಡಬ್ಬದಲ್ಲಿ ಆಗಿದ್ದು ಸರಿಯಾಗಿ ಅಷ್ಟೇ. ನಿಮ್ಮ ಕೈಯಲ್ಲಿರುವ ಮಲ್ಟಿಮೀಟರ್ 40-60 ಮೆಗಾ ಓಮ್‌ವರೆಗೆ ಓದುತ್ತೆ, ಇದನ್ನು ಎಲ್ಲಿ ಕಾಣುತ್ತೆ? ಹಾಗಂತ ಮೆಗ್ಗರ್ (ಹೈವೋಲ್ಟೇಜ್ ಬಿಟ್ಟು ಲೀಕೇಜ್ ಅಳೆಯುವ ಮೀಟರ್) ತಂದು ಬೋರ್ಡಿಗೆ 500 ವೋಲ್ಟ್ ಬಿಡಬೇಡಿ, ಇರುವ ಟ್ರಾನ್ಸಿಸ್ಟರೂ ಹೋಗುತ್ತವೆ.

ಕಂಡುಹಿಡಿಯಲು ನಾನು ಬಳಸುವುದು ಹೇರ್ ಡ್ರೈಯರ್. ಔಟ್‌ಪುಟ್ಟಿಗೆ ಒಳ್ಳೇ ಬೆಂಚ್ ಮೀಟರ್ ಹಾಕಿ, ಎರಡು ಗಂಟೆ ಬಿಸಿಯಾಗಲು ಬಿಟ್ಟು, ರೀಡಿಂಗ್ ಬರೆದುಕೊಳ್ಳಿ. ಆಫ್ ಮಾಡಿ, ಖಾಲಿ ಮಾಡಿ, ಒಂದು ಜಾಗಕ್ಕೆ ಮಾತ್ರ ಬೆಚ್ಚನೆ ಗಾಳಿ ಐದು ನಿಮಿಷ. ಮುಚ್ಚಳ ಹಾಕಿ ಆನ್ ಮಾಡಿ, ಕಾದು ನೋಡಿ. ಅಂಕಿ ಮೇಲೇರಿದರೆ ಕಳ್ಳ ಅಲ್ಲೇ ಇದ್ದಾನೆ. ಇಲ್ಲದಿದ್ದರೆ ಮುಂದಿನ ಜಾಗ. ಬೇಜಾರಿನ ಕೆಲಸ, ಆದರೆ ಅಂದಾಜಿಗಿಂತ ವಾಸಿ. ರೆಫರೆನ್ಸ್ ಝೀನರ್ (ಯಂತ್ರ ಅಳತೆಗೆ ಆಧಾರವಾಗಿ ಇಟ್ಟುಕೊಂಡ ಸ್ಥಿರ ವೋಲ್ಟೇಜಿನ ಡಯೋಡ್) ಇರುವ ಮೂಲೆಗೆ ಗಾಳಿ ಹಾಯಿಸಬೇಡಿ. ಅದರ ಉಷ್ಣತೆ ಬದಲಾದರೆ ರೀಡಿಂಗ್ ಬೇರೆ ಕಾರಣಕ್ಕೆ ಓಡಾಡಿ ನಿಮ್ಮನ್ನು ದಾರಿ ತಪ್ಪಿಸುತ್ತೆ.

ಗೂಡು ಸಿಕ್ಕಿದ್ದು ರೆಸಿಸ್ಟರ್ ಸಾಲಿನ ಬುಡದಲ್ಲಿ, ಹಿಂದಿನ ಗಾಳಿಕಿಂಡಿ ಪಕ್ಕ. ಹೆಬ್ಬೆರಳಷ್ಟು ಗಾತ್ರ, ಎರಡು ಟರ್ಮಿನಲ್ ತಬ್ಬಿಕೊಂಡು ಕೂತಿತ್ತು, ಮಳೆಗಾಲದಲ್ಲಿ ತೇವ ಹೀರಿ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತಿತ್ತು. ಬಿದಿರು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಇಡಿಯಾಗಿ ಬಂತು, ಆದರೆ ಬೋರ್ಡಿನ ಮೇಲೆ ಕೆಂಪು ಕಲೆ ಉಳಿಯಿತು. ಆ ಕಲೆಯೂ ಲೀಕ್ ಮಾಡುತ್ತೆ. ಅದನ್ನು ತೆಗೆಯಲು ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲೇ ಬೇಕು. ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನೇ ಬಳಿಯುವವರು ಇದ್ದಾರೆ. ಅದರಲ್ಲಿ ನೀರೂ ಇರುತ್ತೆ, ಸಾಮಾನ್ಯವಾಗಿ ಗ್ಲಿಸರಿನ್ನೂ ಇರುತ್ತೆ, ಗ್ಲಿಸರಿನ್ ತೇವ ಎಳೆದು ಹಿಡಿಯುತ್ತೆ. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಹತ್ತಿರ ತರಲೇಬೇಡಿ, ಎಣ್ಣೆ ಪದರ ಉಳಿದು ಧೂಳೆಲ್ಲ ಅಂಟುತ್ತೆ. ಮೆದು ಬ್ರಷ್‌ನಿಂದ ತೊಳೆಯಿರಿ, ಇಳಿದ ಕೊಳೆಯನ್ನು ಒಣ ಬಟ್ಟೆಗೆ ಹೀರಿಸಿ, ಮತ್ತೆ ಹೊಸ ಆಲ್ಕೋಹಾಲ್ ಹಾಕಿ ಇನ್ನೊಮ್ಮೆ. ಒಂದೇ ಬಟ್ಟೆಯಲ್ಲಿ ಉಜ್ಜುತ್ತಾ ಹೋದರೆ ಕೊಳೆ ಹೋಗುವುದಿಲ್ಲ, ತೆಳ್ಳಗೆ ಹರಡುತ್ತೆ. ಹತ್ತಿ ಬೇಡ, ಎಳೆ ಉಳಿಯುತ್ತೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲಿ ಉಪ್ಪಿದೆ. ಆಲ್ಕೋಹಾಲ್ ಪೂರ್ತಿ ಆರುವವರೆಗೆ ಡ್ರೈಯರ್ ಆಗಲಿ ಕರೆಂಟ್ ಆಗಲಿ ಬೇಡವೇ ಬೇಡ, ಬೆಂಕಿ ಹಿಡಿಯುತ್ತೆ.

ಡಯಲ್‌ಗಳ ಹಿಂದಿನ ಸ್ವಿಚ್ಚುಗಳಿಗೆ ಇನ್ನೂ ನಾಜೂಕು ಬೇಕು. ಡಬ್ಬಿಗಟ್ಟಲೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಕಂದು ಫೀನಾಲಿಕ್ (ಹಳೇ ಥರದ ಪ್ಲಾಸ್ಟಿಕ್) ಬಿಲ್ಲೆ ಅದನ್ನು ಕುಡಿದು ತಾನೇ ಲೀಕ್ ಆಗಲು ಶುರು. ಹಲ್ಲುಕಡ್ಡಿ ತುದಿಯಲ್ಲಿ ಒಂದೊಂದು ಹನಿ, ಲೋಹದ ಮೇಲೆ ಮಾತ್ರ. ಆಮೇಲೆ ಡಯಲನ್ನು ಐವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ.

ಒಣಗಿಸುವುದು. ಒಬ್ಬರು ಇಂಥದ್ದೇ ಡಬ್ಬವನ್ನು ಅಡಿಕೆ ಜೊತೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಒಣಗಿತು ಸರಿ, ಮೇಲೆ ಹೊಗೆಯ ಜಿಡ್ಡು ಕೂತು ಮೊದಲಿಗಿಂತ ಕೆಟ್ಟಿತು. ಅಕ್ಕಿ ಮೂಟೆಯೂ ಬೇಡ, ಇದೇನು ಮೊಬೈಲಾ? ದೊಡ್ಡ ಮರದ ಪೆಟ್ಟಿಗೆ, ಒಳಗೆ 60 ವ್ಯಾಟ್ ಫಿಲಮೆಂಟ್ ಬಲ್ಬ್, ಮೇಲೆ ನಾಲ್ಕು ತೂತು, ಒಂದು ಥರ್ಮಾಮೀಟರ್. 45-50 ಡಿಗ್ರಿಯಲ್ಲಿ ಎರಡು ರಾತ್ರಿ. ಅವಸರಕ್ಕೆ 100 ವ್ಯಾಟ್ ಹಾಕಬೇಡಿ.

ಇಷ್ಟೂ ಆದ ಮೇಲೆ ಟ್ರಿಮ್ಮರ್. ಮೊದಲು ಈಗಿರುವ ಜಾಗಕ್ಕೆ ಉಗುರುಬಣ್ಣದ ಗೆರೆ ಎಳೆದು ಫೋಟೋ ತೆಗೆಯಿರಿ. ಹೊಸನಗರದ್ದು ಒಣಗಿದ ಮೇಲೆ 1000.4ಕ್ಕೆ ಹೋಗಿ ಅಲ್ಲಾಡದೆ ನಿಂತಿತು. ಅಂದರೆ ಮಾಲೀಕರು ಒದ್ದೆಯನ್ನೇ ಸರಿ ಅಂತ ಕ್ಯಾಲಿಬ್ರೇಟ್ ಮಾಡಿದ್ದರು. ಮೂರು ದಿನ ಬೆಳಿಗ್ಗೆ ಸಂಜೆ ಅಂಕಿ ಬರೆದಿಟ್ಟು, ಅದು ಕದಲುವುದಿಲ್ಲ ಅಂತ ಖಾತ್ರಿಯಾದ ಮೇಲೆ ಒಂದೇ ಒಂದು ಸಲ ತಿರುಗಿಸಿದೆ.

ಸರ್ಟಿಫಿಕೇಟ್ ಬೇಕಿದ್ದರೆ ಬೆಂಗಳೂರಿನಲ್ಲಿ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಒಯ್ಯಿರಿ. ಪಾರ್ಸೆಲ್ ಹಾಕಬೇಡಿ, ರೈಲಿನಲ್ಲಿ ಜೊತೆಗೇ ತಗೊಂಡು ಹೋಗಿ. ಒಳಗೆ ಹಳೇ ವೆಸ್ಟನ್ ಸ್ಟ್ಯಾಂಡರ್ಡ್ ಸೆಲ್ (ವೋಲ್ಟಿಗೆ ಅಳತೆಗೋಲಾಗಿ ಬಳಸುತ್ತಿದ್ದ, ಒಳಗೆ ದ್ರವ ಇರುವ ಸೆಲ್) ಇದ್ದರಂತೂ ಓರೆ ಮಾಡಲೇಬಾರದು, ಅದರಲ್ಲಿ ಪಾದರಸ ಮತ್ತು ಕ್ಯಾಡ್ಮಿಯಂ ಇದೆ. ಲ್ಯಾಬಿನವರಿಗೆ ಒಂದು ಮಾತು ಹೇಳಿ: ಏನೂ ತಿರುಗಿಸುವ ಮೊದಲು, ಬಂದ ಸ್ಥಿತಿಯಲ್ಲೇ ಎಷ್ಟು ತೋರಿಸಿತು ಅಂತ ಬರೆದು ಕೊಡಿ.