ಬರ್ಮಿಂಗ್‌ಹ್ಯಾಮ್, 1927: ಒಂದು ವರ್ಷದ ಬೆಳವಣಿಗೆಯನ್ನು ಲೆಕ್ಕ ಹಿಡಿದ ಬಗೆ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಕಬ್ಬಿಣದ ಊರು. ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಮೂರೂ ಕೆಲವೇ ಮೈಲಿಗಳೊಳಗೆ ಸಿಗುವ ಜಾಗದಲ್ಲಿ, ಎರಡು ರೈಲುಹಾದಿ ಕೂಡುವೆಡೆ, 1871ರಲ್ಲಿ ಹುಟ್ಟಿದ್ದು. 1927ರಲ್ಲಿ ಅದು ಎಷ್ಟು ಬೆಳೆಯಿತು, ಎಲ್ಲೆಲ್ಲಿ ಬೆಳೆಯಿತು ಎಂದು ಸ್ಕ್ಯಾನ್ ಆದ ದಾಖಲೆಗಳಿಂದಲೇ ಲೆಕ್ಕ ಹಾಕಬಹುದು. ನಾನು ಅನುಸರಿಸಿದ ಕ್ರಮವನ್ನೂ ಎಡವುವ ಜಾಗಗಳನ್ನೂ ಇಲ್ಲಿ ಕೊಟ್ಟಿದ್ದೇನೆ.

ಮೊದಲು ತಲೆ ಎಣಿಕೆ. ನಗರದ ಜನಸಂಖ್ಯೆ 1920ರಲ್ಲಿ 1,78,806, 1930ರಲ್ಲಿ 2,59,678. ವ್ಯತ್ಯಾಸ 80,872. ಇದನ್ನು ಹತ್ತರಿಂದ ಭಾಗಿಸಿದರೆ ತಪ್ಪು. 1920ರ ಗಣತಿಯ ದಿನ ಜನವರಿ 1, 1930ರದ್ದು ಏಪ್ರಿಲ್ 1. ನಡುವೆ ಇರುವುದು ಹತ್ತೂಕಾಲು ವರ್ಷ. 10.25ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 7,890 ಜನ, ಅಂದರೆ ದಿನಕ್ಕೆ 21–22 ಮಂದಿ. ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 3.7. 1927ರ ಜುಲೈ 1ಕ್ಕೆ ಜನಸಂಖ್ಯೆ ಎಷ್ಟು ಎಂದರೆ ನೇರ ಲೆಕ್ಕದಲ್ಲಿ ಸುಮಾರು 2,38,000, ಚಕ್ರಬಡ್ಡಿಯಲ್ಲಿ ಸುಮಾರು 2,35,000. ನಾನು ಎರಡನ್ನೂ ಬರೆಯುತ್ತೇನೆ. ಒಂದೇ ಸಂಖ್ಯೆ ಕೊಟ್ಟರೆ ಓದುವವರು ಅದನ್ನು ಎಣಿಸಿದ ಸಂಖ್ಯೆ ಎಂದೇ ತಿಳಿಯುತ್ತಾರೆ.

ಈ ಸಂಖ್ಯೆಯ ತೂಕ ತಿಳಿಯಬೇಕಾದರೆ 1940ರ ಗಣತಿ ನೋಡಬೇಕು: 2,67,583. ಮಹಾ ಆರ್ಥಿಕ ಕುಸಿತದ ಇಡೀ ದಶಕದಲ್ಲಿ ಸೇರಿದ್ದು 7,905 ಜನ. ಇಪ್ಪತ್ತರ ದಶಕದ ಒಂದು ವರ್ಷದ ಪಾಲು ಮೂವತ್ತರ ದಶಕದ ಹತ್ತು ವರ್ಷಕ್ಕೆ ಸಮ.

ಹಿಂದಕ್ಕೆ ಹೋಗುವಾಗ ಮಾತ್ರ ಎಚ್ಚರ ಬೇಕು. 1900ರ 38,415 ಹತ್ತೇ ವರ್ಷದಲ್ಲಿ 1,32,685 ಆಯಿತು ಎಂದು ಬೆರಗಾಗುವ ಬರಹಗಳು ಬಹಳ ಇವೆ. ಅದರಲ್ಲಿ ದೊಡ್ಡ ಪಾಲು ವಲಸೆಯಲ್ಲ. ಎನ್ಸ್‌ಲಿ, ಅವಂಡೇಲ್, ವುಡ್‌ಲಾನ್‌ನಂಥ ಅಕ್ಕಪಕ್ಕದ ಊರುಗಳನ್ನು 1910ರಲ್ಲಿ ನಗರಕ್ಕೆ ಸೇರಿಸಿಕೊಂಡದ್ದರ ಫಲ. ಗಡಿ ಸರಿದರೂ ಜನ ಹೆಚ್ಚುತ್ತಾರೆ.

ಎರಡನೆಯದು ವಿಳಾಸ. ಇದನ್ನು ಕಲಿಯದೆ ಮುಂದೆ ಹೋದರೆ ಉಳಿದದ್ದೆಲ್ಲ ದಿಕ್ಕು ತಪ್ಪುತ್ತದೆ. ಅಲ್ಲಿ ಅವೆನ್ಯೂಗಳು ರೈಲುಹಳಿಗೆ ಸಮಾನಾಂತರ, ಸ್ಟ್ರೀಟ್‌ಗಳು ಅಡ್ಡ. ಹಳಿಯ ಆಚೆಗೂ ಈಚೆಗೂ ಅವೆನ್ಯೂಗಳ ಎಣಿಕೆ ಒಂದರಿಂದಲೇ ಶುರು, ಒಂದು ಕಡೆ ನಾರ್ತ್, ಇನ್ನೊಂದು ಕಡೆ ಸೌತ್. 1927ರ ಡಿಸೆಂಬರ್ 26ರಂದು ತೆರೆದ ಅಲಬಾಮಾ ಥಿಯೇಟರ್‌ನ ವಿಳಾಸ 1817, 3ನೇ ಅವೆನ್ಯೂ ನಾರ್ತ್. ಕೊನೆಯ ಎರಡು ಅಂಕಿ ಬಿಟ್ಟರೆ 18 ಉಳಿಯಿತು: ಅಂದರೆ 18 ಮತ್ತು 19ನೇ ಸ್ಟ್ರೀಟ್‌ಗಳ ನಡುವೆ. 'ನಾರ್ತ್' ಬಿಟ್ಟು ಪಟ್ಟಿ ಮಾಡಿಕೊಂಡರೆ ಚಿತ್ರಮಂದಿರ ಹಳಿ ದಾಟಿ ಆಚೆ ಹೋಗಿ ಕೂರುತ್ತದೆ. ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ದಿಕ್ಕಿಗೆಂದೇ ಪ್ರತ್ಯೇಕ ಕಾಲಂ ಇದೆ. ಅದು ಖಾಲಿಯಿದ್ದರೆ ಆ ಸಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ಸ್ಯಾನ್‌ಬಾರ್ನ್ ನಕ್ಷೆಗಳು, ಅಂದರೆ ಅಗ್ನಿವಿಮೆಯವರಿಗಾಗಿ ಸ್ಯಾನ್‌ಬಾರ್ನ್ ಕಂಪನಿ ಒಂದೊಂದು ಕಟ್ಟಡವನ್ನೂ ತೋರಿಸಿ ಬರೆದ ನಕ್ಷೆಗಳು. ಅಳತೆ ಸಾಮಾನ್ಯವಾಗಿ ಅಂಗುಲಕ್ಕೆ 50 ಅಡಿ, ಹಾಗಾಗಿ ಒಂದೊಂದು ಮನೆಯ ಜಗಲಿಯೂ ಕಾಣುತ್ತದೆ. ಗುಲಾಬಿ ಬಣ್ಣವಿದ್ದರೆ ಇಟ್ಟಿಗೆ, ಹಳದಿ ಮರದ ಚೌಕಟ್ಟು, ನೀಲಿ ಕಲ್ಲು ಅಥವಾ ಕಾಂಕ್ರೀಟು, ಬೂದು ಕಬ್ಬಿಣ. 'ಡಿ' ಎಂದರೆ ವಾಸದ ಮನೆ, 'ಎಸ್' ಎಂದರೆ ಅಂಗಡಿ. ಮೈಕ್ರೋಫಿಲ್ಮ್‌ನಿಂದ ತೆಗೆದ ಕಪ್ಪುಬಿಳುಪು ಪ್ರತಿಯಲ್ಲಿ ಬಣ್ಣವೆಲ್ಲ ಒಂದೇ ಬೂದು, ಸಾಧ್ಯವಾದಷ್ಟೂ ಬಣ್ಣದ ಸ್ಕ್ಯಾನ್ ಹುಡುಕಿ. ಅದಕ್ಕಿಂತ ದೊಡ್ಡ ಮೋಸ ಅಂಟಿಸಿದ ಚೀಟಿಗಳದ್ದು. ಹೊಸ ಕಟ್ಟಡ ಎದ್ದಾಗ ಕಂಪನಿ ಹೊಸ ಹಾಳೆ ಅಚ್ಚು ಹಾಕದೆ, ಹಳೆಯದರ ಮೇಲೆ ತುಂಡು ಕಾಗದ ಅಂಟಿಸುತ್ತಿತ್ತು. ಮುಖಪುಟದಲ್ಲಿ ಒಂದು ಇಸವಿ, ಒಳಗೆ ಇಪ್ಪತ್ತು ವರ್ಷ ಈಚಿನ ಕಟ್ಟಡ. ಮೊದಲ ಪುಟಗಳಲ್ಲಿ ತಿದ್ದುಪಡಿಯ ದಾಖಲೆ ಇರುತ್ತದೆ, ಅದನ್ನು ನೋಡದೆ ಯಾವ ಕಟ್ಟಡಕ್ಕೂ ಇಸವಿ ಹಚ್ಚಬೇಡಿ.

ಇಸವಿ ಗಟ್ಟಿ ಮಾಡಿಕೊಳ್ಳಲು ನಗರದ ಡೈರೆಕ್ಟರಿ, ಅಂದರೆ ಊರಿನವರ ಹೆಸರು-ವಿಳಾಸಗಳ ಅಚ್ಚಾದ ಪುಸ್ತಕ, ಬೇಕು. ಹೆಸರಿನ ಭಾಗ ಬಿಟ್ಟು ಬೀದಿವಾರು ಭಾಗ ತೆಗೆಯಿರಿ. ಒಂದು ಬೀದಿ ಆರಿಸಿ 1926, 1927, 1928ರ ಪುಟಗಳನ್ನು ಅಕ್ಕಪಕ್ಕ ಇಟ್ಟು, ಹೊಸದಾಗಿ ಬಂದ ಮನೆ ನಂಬರಿಗೆ ಗುರುತು ಹಾಕುತ್ತ ಹೋಗಬೇಕು. ಡೈರೆಕ್ಟರಿಯ ಮೇಲಿನ ಇಸವಿಗೆ ಮರುಳಾಗಬಾರದು: ಮನೆಮನೆ ಸುತ್ತಿ ಮಾಹಿತಿ ತಂದದ್ದು ಅಚ್ಚಿಗೆ ಹೋಗುವ ಎಷ್ಟೋ ತಿಂಗಳ ಮೊದಲು. ಆದ್ದರಿಂದ 1927ರಲ್ಲಿ ಕಟ್ಟಿದ ಮನೆ ಬಹುಪಾಲು 1928ರ ಪುಸ್ತಕದಲ್ಲೇ ಸಿಗುತ್ತದೆ. ಹೆಸರಿನ ಭಾಗದಿಂದ ಮನೆ ಎಣಿಸುವವರು 'ಎಚ್' ಗುರುತಿನವರನ್ನು, ಅಂದರೆ ಮನೆಯ ಯಜಮಾನರನ್ನು, ಮಾತ್ರ ಹಿಡಿಯಬೇಕು. 'ಆರ್' ಇದ್ದರೆ ಆ ಮನೆಯಲ್ಲಿ ಇರುವವರು, ಬಾಡಿಗೆ ಕೋಣೆಯವರು. ಇಬ್ಬರನ್ನೂ ಎಣಿಸಿದರೆ ಒಂದು ಮನೆ ನಾಲ್ಕಾಗುತ್ತದೆ.

ಬೀದಿ ಎಣಿಸುತ್ತಿದ್ದಂತೆ ಒಂದು ವಿಷಯ ತಾನೇ ಎದ್ದು ಬರುತ್ತದೆ: ಹೊಸ ಮನೆಗಳು ಎಲ್ಲರ ಬೀದಿಯಲ್ಲೂ ಏಳುತ್ತಿಲ್ಲ. ಎಲ್ಲಿ ಏನು ಕಟ್ಟಬಹುದು ಎಂದು ನಿಗದಿ ಮಾಡುವ ವಲಯ ಕಾನೂನನ್ನು ನಗರ 1926ರಲ್ಲಿ ಜಾರಿಗೆ ತಂದಿತು; ಅದು ಕಪ್ಪುವರ್ಣೀಯರು ಎಲ್ಲಿ ಇರಬೇಕು ಎಂಬುದನ್ನೂ ಗೆರೆ ಎಳೆದು ಹೇಳಿತ್ತು. ಇಂಥ ಕಾನೂನು ಸಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1917ರಲ್ಲೇ ತೀರ್ಪು ಕೊಟ್ಟಿದ್ದರೂ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದು ಕಾಲು ಶತಮಾನ ನಡೆಯಿತು. ಊರಿನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಕಪ್ಪುವರ್ಣೀಯರು. ಹಾಗಾಗಿ ವಲಯ ನಕ್ಷೆಯನ್ನು ಪಾರದರ್ಶಕ ಪದರವಾಗಿ ಮೇಲೆ ಹಾಸದೆ 'ನಗರ ಬೆಳೆಯಿತು' ಎಂದು ಬರೆದರೆ ಅರ್ಧ ಮಾತು. ಗೆರೆಯೊಳಗೆ ಹೊಸ ಮನೆ ಕಡಿಮೆ ಕಂಡರೆ ಬೆಳವಣಿಗೆ ಇಲ್ಲವೆಂದು ತೀರ್ಮಾನಿಸಬೇಡಿ. ಅದೇ ನಂಬರಿನಲ್ಲಿ ಹಿಂದುಗಡೆಯ ಮನೆ, ಗಲ್ಲಿಯ ಮನೆ ಸೇರಿವೆಯೇ ನೋಡಿ.

ಕಟ್ಟಡ ಪರವಾನಗಿಯ ಮೊತ್ತವನ್ನು ನಾನು ಕೊನೆಗೆ ಮಾತ್ರ ಮುಟ್ಟುವುದು. ಅದು ಅರ್ಜಿದಾರ ಬರೆದುಕೊಟ್ಟ ಅಂದಾಜು, ನಿಜ ಖರ್ಚಲ್ಲ. ಒಂದೇ ಒಂದು ದೊಡ್ಡ ಕಟ್ಟಡ ಇಡೀ ತಿಂಗಳನ್ನು ಉಬ್ಬಿಸುತ್ತದೆ. ನಗರದ ಗಡಿಯಾಚೆ ಎದ್ದ ಬಡಾವಣೆಗಳು, ಅಂದರೆ ಹೋಮ್‌ವುಡ್, ಫೇರ್‌ಫೀಲ್ಡ್, ಮೌಂಟನ್ ಬ್ರೂಕ್, ಅದರಲ್ಲಿ ಇರುವುದೇ ಇಲ್ಲ. (ಹಳೆಯ ಕಾಗದ ಹುಡುಕುವವರಿಗೆ ಒಂದು ಮಾತು: 1925ರಲ್ಲಿ ಸಿಟಿ ಹಾಲ್‌ಗೆ ಬೆಂಕಿ ಬಿದ್ದು ಅಲ್ಲಿದ್ದ ಗ್ರಂಥಾಲಯದ ಪುಸ್ತಕಗಳು ಸುಟ್ಟುಹೋದವು. ಆ ಗ್ರಂಥಾಲಯಕ್ಕೆಂದು ಎದ್ದ, 1927ರ ಏಪ್ರಿಲ್‌ನಲ್ಲಿ ತೆರೆದ ಹೊಸ ಕಟ್ಟಡದಲ್ಲೇ ಈಗ ನಗರದ ಪತ್ರಾಗಾರ ಇದೆ.)

ಕಾರ್ಖಾನೆಯ ಅಂಕಿಗಳಲ್ಲಿ ಕೆಡಿಸುವುದು ಟನ್ನು. ಬೀಡುಕಬ್ಬಿಣವನ್ನು ಲಾಂಗ್ ಟನ್‌ನಲ್ಲಿ ಬರೆಯುತ್ತಿದ್ದರು, 2,240 ಪೌಂಡು. ಕಲ್ಲಿದ್ದಲಿಗೆ ಶಾರ್ಟ್ ಟನ್, 2,000 ಪೌಂಡು. ಬೆರೆಸಿದರೆ ಶೇ. 12ರಷ್ಟು ತಪ್ಪು ನುಸುಳುತ್ತದೆ. ಎಲ್ಲವನ್ನೂ ಮೊದಲು ಕಿಲೋಗೆ ತನ್ನಿ: 1,016 ಮತ್ತು 907. ಊರಿನ ಪಕ್ಕದ ರೆಡ್ ಮೌಂಟನ್ ಬೆಟ್ಟದ ಅದಿರಿನಲ್ಲಿ ಕಬ್ಬಿಣ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಒಂದು ಟನ್ ಕಬ್ಬಿಣಕ್ಕೆ ಹತ್ತಿರಹತ್ತಿರ ಮೂರು ಟನ್ ಅದಿರು. ನಿಮ್ಮ ಲೆಕ್ಕದಲ್ಲಿ ಎರಡೇ ಟನ್ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಕಲ್ಲಿದ್ದಲನ್ನು ಕಾರ್ಮಿಕರ ಸಂಖ್ಯೆಯಿಂದ ಭಾಗಿಸಿ ತಲಾ ಉತ್ಪಾದನೆ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಅಲಬಾಮಾದ ಗಣಿಗಳಲ್ಲಿ ಕೈದಿಗಳನ್ನು ದುಡಿಸುವ ಪದ್ಧತಿ ನಿಂತದ್ದು 1928ರಲ್ಲಿ. 1927ರ ಪಟ್ಟಿಯಲ್ಲಿ ಕೈದಿಗಳು ಸೇರಿದ್ದಾರೋ ಇಲ್ಲವೋ ಎಂದು ಅಡಿಟಿಪ್ಪಣಿ ಓದಿ, ಆಮೇಲೆ ಭಾಗಿಸಿ.